ಆಷಾಢದಲ್ಲಿ ಬಂದ ಜಲ್ಲಿ ಸೈಕಲ್ಲು

ಅವತ್ತು ಭಾನುವಾರ. ಜಗುಲಿಯ ಮೇಲೆ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದೆ. ರಾಗಿ ಕೇರುವಾಗ ಬಾಯಿ ಬಿಡಬಾರದು, ಹೊಟ್ಟು ಒಳಗೆ ಹೋಗುತ್ತದೆ. ಆದರೆ ಅದು ಕೇರುವವರ ಕಷ್ಟ, ಎದುರಿಗೆ ನಿಂತವರದಲ್ಲ. ಎದುರು ಮನೆಯ ಜಯಮ್ಮ ಹೊಲದಿಂದ ಹುಲ್ಲಿನ ಹೊರೆ ಹೊತ್ತು ಬಂದವಳು, ಹೊರೆಯನ್ನೂ ಇಳಿಸದೆ ನನ್ನ ಮುಂದೆ ನಿಂತುಬಿಟ್ಟಳು.

"ಅಕ್ಕ, ನಿಮ್ಮ ಅಳಿಯ ಬಂದವ್ರೆ."

"ಯಾವ ಅಳಿಯ?" ಎಂದೆ.

"ಎಷ್ಟು ಜನ ಅವ್ರೆ ನಿಂಗೆ? ಭವ್ಯನ ಗಂಡ ಕಣಕ್ಕ. ನಿಮ್ಮ ಸೊಪ್ಪಿನ ತೋಟದ ಬೇಲಿ ಆಚೆ ನಿಂತವ್ರೆ. ತಲೆ ಮೇಲೆ ಕುಕ್ಕೆ ತರದ್ದು ಏನೋ ಮಡೀಕಂಡು, ಕರೀ ಕನ್ನಡಕ, ಮೈಗೆ ಅಂಟ್ಕಂಡಿರೋ ಚಡ್ಡಿ. ಆನೆ ಓಡ್ಸೋಕೆ ಬಂದಿರೋ ಫಾರೆಸ್ಟಿನೋರು ಅನ್ಕಂಡು, 'ಅಣ್ಣೋ, ಆನೆ ಯಾವ ಕಡೀಕೆ ಹೋತು?' ಅಂದೆ. 'ನಾನು ಭವ್ಯನ ಯಜಮಾನ' ಅಂದ್ರು. ನಾಚ್ಕೆ ಆಗೋಯ್ತು."

"ಯಾತರಲ್ಲಿ ಬಂದವ್ರೆ?"

"ಸೈಕಲ್ನಾಗೆ. ಕಾಡೊಳಗಿಂದ."

ನನ್ನ ಕೈ ನಿಂತುಹೋಯಿತು. ಬೇರೆ ತಿಂಗಳಾಗಿದ್ದರೆ ಮೊರ ಬಿಸಾಡಿ ಕಾಲಿಗೆ ನೀರು ಕೊಡಲು ಓಡುತ್ತಿದ್ದೆ. ಆದರೆ ಅದು ಆಷಾಢ. ಅದೂ ಭವ್ಯ ಮದುವೆಯಾದ ಮೊದಲ ಆಷಾಢ.

ನಿಮಗೆ ಗೊತ್ತಿರುತ್ತದೆ, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಮೊದಲ ಆಷಾಢಕ್ಕೆ ಹೊಸ ಹೆಣ್ಣು ತವರಿಗೆ ಬಂದುಬಿಡಬೇಕು. ಆ ತಿಂಗಳು ಅತ್ತೆ-ಸೊಸೆ ಒಂದೇ ಹೊಸಿಲು ದಾಟಬಾರದು. ಅತ್ತೆ-ಅಳಿಯನೂ ಒಂದೇ ಹೊಸಿಲು ದಾಟಬಾರದು. ದಾಟಿದರೆ ಅತ್ತೆಗೆ ಕೇಡು ಎನ್ನುತ್ತಾರೆ ಕೆಲವರು, ಮಗಳ ಬಾಳಿಗೆ ಕೇಡು ಎನ್ನುತ್ತಾರೆ ಕೆಲವರು. ಯಾಕೆ ಎಂದು ಮಾತ್ರ ನನ್ನನ್ನು ಕೇಳಬೇಡಿ. ನಮ್ಮವ್ವನನ್ನು ಕೇಳಿದ್ದಕ್ಕೆ, "ಬಾರ್ದು ಅಂದ್ರೆ ಬಾರ್ದು" ಎಂದಿದ್ದಳು. ಕಾರಣ ಹೇಳುವಷ್ಟು ಪುರಸೊತ್ತು ನಮ್ಮ ಹಿರಿಯರಿಗೆ ಇರಲಿಲ್ಲ.

ಭವ್ಯನ ಮದುವೆ ಸುಲಭಕ್ಕೆ ಕೂಡಿಬಂದದ್ದಲ್ಲ. ನೋಡಲು ಬಂದ ಗಂಡಿನವರೆಲ್ಲ ಉಪ್ಪಿಟ್ಟು ಕೇಸರಿಬಾತು ತಿಂದು, "ಹೇಳಿ ಕಳಿಸುತ್ತೇವೆ" ಎಂದು ಹೋದವರು ಹೋದವರೇ. ಒಂದು ಹಂತದಲ್ಲಿ ನಮ್ಮ ಮನೆಯ ಉಪ್ಪಿಟ್ಟಿನಲ್ಲೇ ಏನೋ ದೋಷವಿದೆ ಎಂದು ನನಗೆ ಅನುಮಾನ ಬಂದು ಅವಲಕ್ಕಿ ಮಾಡತೊಡಗಿದ್ದೆ. ದೊಡ್ಡಮಳೂರಿಗೆ ಹೋಗಿ ಅಪ್ರಮೇಯಸ್ವಾಮಿಯ ಮುಂದೆ ನಿಂತು ಕಣ್ಣೀರು ಹಾಕಿ ಬಂದಮೇಲೆಯೇ ಈ ಸಂಬಂಧ ಕೂಡಿದ್ದು. ಹುಡುಗ ಕಿರಣ, ಕೆಂಗೇರಿಯಲ್ಲಿ ಕನ್ನಡಕದ ಅಂಗಡಿ. ಮೆದು ಮಾತು. ಅವನ ತಾಯಿ, ನಮ್ಮ ಬೀಗಿತ್ತಿ, ಶಾಸ್ತ್ರದ ವಿಷಯದಲ್ಲಿ ಬಲು ಬಿಗಿ. ಮಗಳನ್ನು ಕರೆತರಲು ಹೋದಾಗ ನನ್ನ ಕೈ ಹಿಡಿದುಕೊಂಡು, "ನಮ್ಮ ಹುಡುಗ ತಡೆಯೋನಲ್ಲ, ಬಂದರೂ ಬರ್ತಾನೆ. ನೀವಿಬ್ಬರು ಮಾತ್ರ ಒಂದೇ ಹೊಸಿಲು ದಾಟಬೇಡಿ ಬೀಗ್ತಿ. ನನಗೆ ಮಾತು ಕೊಡಿ" ಎಂದಿದ್ದರು. ಕೊಟ್ಟಿದ್ದೆ. ಇಷ್ಟು ದೂರ ಬಂದ ಮಗಳ ಭಾಗ್ಯ ಒಂದು ಮರದ ಪಟ್ಟಿಯಿಂದ ಕೆಡಬಾರದಲ್ಲ!

ಹಾಗಾಗಿ ಯಜಮಾನರನ್ನು ತೋಟದ ಕಡೆಗೆ ಅಟ್ಟಿದೆ. ಅವರು ಹೋಗಿ, ಬಹಳ ಹೊತ್ತು ಬಿಟ್ಟು, ತಲೆ ಕೆರೆದುಕೊಳ್ಳುತ್ತ ಬಂದರು.

"ಅದೇನೋ ಗ್ರ್ಯಾವೆಲ್ ಸೈಕಲ್ಲಂತೆ ಕಣೆ. ಜಲ್ಲಿ ಮೇಲೆ ಓಡ್ಸೋಕೇ ಅಂತ ಮಾಡಿರೋದು."

"ಜಲ್ಲಿ ಮೇಲೆ ಯಾಕೆ ಓಡಿಸ್ಬೇಕು? ಟಾರು ಐತಲ್ಲ?"

"ನಾನೂ ಅದ್ನೇ ಕೇಳ್ದೆ. ಟಾರು ಸಿಕ್ಕಿದ್ರೆ ಬೇಜಾರಾಯ್ತದಂತೆ."

ನಮ್ಮೂರು ಇರುವುದು ರಾಮನಗರ–ಮಾಗಡಿ ರಸ್ತೆಯಿಂದ ಒಳಕ್ಕೆ, ಕಾಡಿನ ಅಂಚಿನಲ್ಲಿ. ಟಾರು ಬರಲಿ ಎಂದು ನಾವು ಅರ್ಜಿ ಕೊಟ್ಟು, ರಸ್ತೆಗೆ ಅಡ್ಡ ಕೂತು, ಮತ್ತೆ ಅರ್ಜಿ ಕೊಟ್ಟು, ಕಡೆಗೆ ನಾನು ಊರ ದೇವರು ಮುತ್ತುರಾಯನಿಗೆ ತುಪ್ಪದ ದೀಪದ ಹರಕೆಯನ್ನೂ ಹೊತ್ತಿದ್ದೆ. ಟಾರು ಬಂದ ದಿನ ಊರಿಗೆಲ್ಲ ಪಾನಕ. ಈಗ ನೋಡಿದರೆ ನಮ್ಮ ಮನೆ ಅಳಿಯನೇ ಟಾರು ಬಿಟ್ಟು, ಹುಡುಕಿಕೊಂಡು ಹೋಗಿ ಜಲ್ಲಿಗೆ ಇಳಿಯುತ್ತಾನೆ. ಆ ದೀಪದ ತುಪ್ಪ ದಂಡವಾಯಿತೇ ಎಂದು ಅರೆಕ್ಷಣ ಅನ್ನಿಸಿತು. ತಪ್ಪು ತಪ್ಪು ಎಂದು ಕೆನ್ನೆ ಮುಟ್ಟಿಕೊಂಡೆ.

ನಮ್ಮ ಯಜಮಾನರಾದರೂ ನಗುವ ಹಾಗಿರಲಿಲ್ಲ. ನನ್ನ ತವರು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ. ನನ್ನ ಮೊದಲ ಆಷಾಢದಲ್ಲಿ ಇದೇ ಮಹಾನುಭಾವರು, ಕ್ಯಾರಿಯರಿಗೆ ಒಂದು ಹಲಸಿನಹಣ್ಣು ಕಟ್ಟಿಕೊಂಡು, ಅಷ್ಟು ದೂರ ಸೈಕಲ್ ತುಳಿದುಕೊಂಡು ಬಂದಿದ್ದರು. ಆಗ ಎಲ್ಲ ದಾರಿಯೂ ಜಲ್ಲಿಯೇ, ಅದಕ್ಕೆ ಯಾರೂ ಇಂಗ್ಲಿಷಿನ ಹೆಸರು ಇಟ್ಟಿರಲಿಲ್ಲ. ಮಾವನಿಗೆ ಹಣ್ಣು ಕೊಟ್ಟು ಹೋಗಲು ಬಂದೆ ಎಂಬುದು ನೆಪ. ನಮ್ಮ ತವರಿನಲ್ಲಿ ಹಲಸಿನ ಮರ ಎಷ್ಟಿದ್ದವೆಂದರೆ ಹಣ್ಣನ್ನು ದನಗಳೂ ಮೂಸುತ್ತಿರಲಿಲ್ಲ. ನಮ್ಮಪ್ಪ ಆ ಹಣ್ಣನ್ನು ಬಲು ಭಕ್ತಿಯಿಂದ ಇಳಿಸಿಕೊಂಡು ಅಳಿಯನನ್ನು ಹೊಂಗೆ ಮರದ ಕೆಳಗೆ ಕೂರಿಸಿದ. ನಮ್ಮವ್ವ ಅಡುಗೆ ಮನೆಯಿಂದ ಹೊರಗೇ ಬರಲಿಲ್ಲ, ಮಜ್ಜಿಗೆ ಚೊಂಬನ್ನು ಅಪ್ಪನ ಕೈಯಲ್ಲಿ ಕಳಿಸಿದಳು. ನಾನು ಬಾಗಿಲ ಸಂದಿಯಿಂದ ನೋಡಿದೆ. ತಲೆಯಿಂದ ಕಾಲಿನವರೆಗೆ ಕೆಂಪು ಧೂಳು. ಅದರ ನಡುವೆ ಎರಡು ಕಣ್ಣು, ಜನಗಣತಿಗೆ ಬಂದವರ ಹಾಗೆ ನಮ್ಮ ಮನೆಯ ಒಂದೊಂದು ಕಿಟಕಿಯನ್ನೂ ಎಣಿಸುತ್ತಿದ್ದವು. ಹಿಂದಿರುಗುವಾಗ ಪಂಕ್ಚರಾಗಿ ಮಾಗಡಿಯವರೆಗೆ ತಳ್ಳಿಕೊಂಡು ಹೋದರಂತೆ. ಇದನ್ನು ನೆನಪಿಸಿದರೆ ಇವತ್ತಿಗೂ, "ಹಣ್ಣು ಕೊಡೋಕೆ ಹೋಗಿದ್ದೆ" ಎನ್ನುತ್ತಾರೆ.

ಅವತ್ತು ಬೇಲಿಯಾಚೆಯಿಂದಲೇ ಹಿಂದಿರುಗಿದ ಹುಡುಗ ಮುಂದಿನ ಭಾನುವಾರವೂ ಬಂದೇ ಬರುತ್ತಾನೆ ಎಂದು ಗೊತ್ತಾಯಿತು. ಯಾಕೆಂದರೆ ಭವ್ಯ ಶನಿವಾರವೇ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಳು. ಅಷ್ಟರೊಳಗೆ ನಿಯಮ ಏನೆಂದು ನಾನು ಸರಿಯಾಗಿ ತಿಳಿದುಕೊಳ್ಳಬೇಕಿತ್ತು. ಮುತ್ತುರಾಯನ ಗುಡಿಯ ಪೂಜಾರಿಯನ್ನು ಕೇಳಿದೆ. "ಹೊಸ್ಲು ಮಾತ್ರ ಕಣಮ್ಮ, ಬಯಲಲ್ಲಿ ನಿಂತ್ಕಂಡು ಮಾತಾಡಿದ್ರೆ ಏನೂ ಇಲ್ಲ" ಎಂದರು. ಜಯಮ್ಮ, "ಹೊಸ್ಲಲ್ಲ ಅಕ್ಕ, ಒಂದೇ ಸೂರಿನ ಕೆಳಗೆ ಇರಬಾರ್ದು" ಎಂದಳು. ನಮ್ಮತ್ತೆಯನ್ನು ಕೇಳಿದೆ. ಭವ್ಯ ಹುಟ್ಟಿದಾಗಿನಿಂದ ನಾವೆಲ್ಲ ಅವರನ್ನು ಅಜ್ಜಿ ಎಂದೇ ಕರೆಯುವುದು. ನಡುಮನೆಯ ಮಂಚದ ಮೇಲೆ ಕೂತು ಇಡೀ ಊರನ್ನು ನೋಡಿಕೊಳ್ಳುತ್ತಾರೆ. ಅಜ್ಜಿ ಎಲೆ ಅಡಿಕೆ ಕುಟ್ಟುತ್ತ, "ಮುಖಾನೇ ನೋಡಂಗಿಲ್ಲ" ಎಂದುಬಿಟ್ಟರು.

ಒಂದು ನಿಯಮ ಕೇಳಲು ಹೋಗಿ ಮೂರು ತಂದೆ. ಯಾವುದನ್ನು ಬಿಟ್ಟರೂ ಅದೇ ನಿಜವಾದದ್ದಾಗಿದ್ದರೆ ಎಂಬ ಭಯ. ಹಾಗಾಗಿ ಮೂರನ್ನೂ ಪಾಲಿಸುವುದೆಂದು ತೀರ್ಮಾನಿಸಿ, ಭಾನುವಾರ ಒತ್ತು ಶಾವಿಗೆಯನ್ನೂ ಕಾಯಿಹಾಲನ್ನೂ ಭವ್ಯನ ಕೈಯಲ್ಲಿ ಮುಂದೆ ಕಳಿಸಿ, ನಾನು ಬೇಲಿಯ ಈಚೆ ಹಿಪ್ಪುನೇರಳೆ ಸೊಪ್ಪಿನ ಗಿಡಗಳ ನಡುವೆ ಬೆನ್ನು ತಿರುಗಿಸಿ ನಿಂತೆ.

"ಅತ್ತೆ, ಚೆನ್ನಾಗಿದ್ದೀರಾ?"

"ಚೆನ್ನಾಗಿವ್ನಿ ಕಣಪ್ಪ."

"ಯಾಕೆ ಆ ಕಡೆ ತಿರುಗಿದ್ದೀರಾ?"

"ಸೊಪ್ಪು ನೋಡ್ತಾ ಇವ್ನಿ. ಬಲಿತದೆ, ಕುಯ್ಬೇಕು."

"ಹಾಗಾದರೆ ನಾನೂ ಬೆಟ್ಟದ ಕಡೆ ತಿರುಗಿ ನಿಂತ್ಕೋತೀನಿ ಅತ್ತೆ" ಎಂದ. ಭವ್ಯ ಕಿಸಕ್ಕನೆ ನಕ್ಕಳು. ಹೀಗೆ ನಾನು ಗಿಡದೊಂದಿಗೂ ಅವನು ಬೆಟ್ಟದೊಂದಿಗೂ ಮಾತಾಡಿದೆವು. ಎಷ್ಟೋ ಅತ್ತೆಯಂದಿರು ಅಳಿಯಂದಿರು ಎದುರುಬದುರು ಕೂತೂ ಇಷ್ಟು ಚೆನ್ನಾಗಿ ಮಾತಾಡಿರಲಿಕ್ಕಿಲ್ಲ.

"ಬಸ್ಸಲ್ಲಿ ಬರಬಾರ್ದಾ? ಯಾಕಿಷ್ಟು ಕಷ್ಟ?"

"ಬಸ್ಸಲ್ಲಿ ಬಂದರೆ ಮಾವನ ಮನೆಗೆ ಬಂದ ಹಾಗಾಗುತ್ತೆ. ಸೈಕಲ್ಲಲ್ಲಿ ಬಂದರೆ, ಸುತ್ತಾಡ್ತಾ ಈ ಕಡೆ ಬಂದೆ ಅಂತ ಅಮ್ಮನಿಗೆ ಹೇಳಬಹುದು."

ದಾರಿಯನ್ನೂ ಹೇಳಿದ. ಮುಂಜಾನೆ ಅವರ ಮನೆಯ ಹಿಂದಿನ ಪಾರ್ಕಿನಿಂದ ಶುರು. ಅಲ್ಲಿಯ ಕಾವಲಿನವನು ದಿನವೂ "ಇಳೀರಿ, ತಳ್ಕೊಂಡು ಹೋಗಿ" ಎನ್ನುತ್ತಾನಂತೆ, ಇವನು ದಿನವೂ ಇಳಿಯುತ್ತಾನಂತೆ. ಆಮೇಲೆ ಕೆರೆ ಏರಿ, ಒಂದು ನೀಲಗಿರಿ ತೋಪು, ಕಲ್ಲು ಹೊರುವ ಲಾರಿಗಳ ಜಾಡು, ಮಂಚನಬೆಲೆಯ ಕಡೆಯ ಕುರುಚಲು ಕಾಡು, ಕಡೆಗೆ ನಮ್ಮ ದನಗಳು ಮೇಯಲು ಹೋಗುವ ದಾರಿ. ಕಾಡಿನಲ್ಲಿ ನವಿಲು ಅಡ್ಡ ಬಂದರೆ ನಿಲ್ಲುತ್ತಾನಂತೆ. ಬಂಡೆಯ ಮೇಲೆ ಬಿಸಿಲು ಬಿದ್ದರೆ ನಿಲ್ಲುತ್ತಾನಂತೆ. ಇಷ್ಟು ನಿಂತು ಈ ಹುಡುಗ ಬಂದು ಸೇರುವುದು ಯಾವಾಗ ಎಂದು ನಾನು ಲೆಕ್ಕ ಹಾಕುತ್ತಿದ್ದೆ.

"ಇದರಲ್ಲಿ ಏನಪ್ಪ ಸುಖ?" ಎಂದು ಕೇಳಿಯೇ ಬಿಟ್ಟೆ.

"ಟಾರಲ್ಲಿ ಕಾಲು ತುಳೀತಾ ಇರುತ್ತೆ, ತಲೆ ಅಂಗಡಿಯಲ್ಲೇ ಇರುತ್ತೆ ಅತ್ತೆ. ಜಲ್ಲಿ ಮೇಲೆ ಆ ಆಟ ನಡೆಯಲ್ಲ. ಮುಂದಿನ ಕಲ್ಲು ನೋಡಲೇಬೇಕು, ಬೇರೇನೂ ಯೋಚನೆ ಮಾಡೋ ಹಾಗಿಲ್ಲ."

ಈ ಮಾತು ನನ್ನ ತಲೆಯಲ್ಲಿ ಉಳಿದುಕೊಂಡಿತು. ನಾನು ದಿನಾ ಸ್ನಾನ ಮಾಡಿ ನಾಮಸ್ಮರಣೆಗೆ ಕೂರುತ್ತೇನೆ. ಬಾಯಿ ರಾಮ ರಾಮ ಎನ್ನುತ್ತಿರುತ್ತದೆ, ತಲೆ ಮಾತ್ರ ಹುಣಸೆಹಣ್ಣು ನೆನೆಹಾಕಿದೆನೋ ಇಲ್ಲವೋ ಎಂಬಲ್ಲಿರುತ್ತದೆ. ನನ್ನ ಜಪ ಟಾರಿನ ಮೇಲಿನ ಜಪವೇ ಹಾಗಾದರೆ? ಈ ಹುಡುಗ ಚಡ್ಡಿ ಹಾಕಿಕೊಂಡು ಕಾಡಿನಲ್ಲಿ ಮಾಡುತ್ತಿರುವುದು ಜಪವೇ? ಹೀಗೆಲ್ಲ ಯೋಚಿಸಿದರೆ ಪುಣ್ಯವೋ ಪಾಪವೋ ಅದೂ ತಿಳಿಯಲಿಲ್ಲ.

ಅದರ ಮುಂದಿನ ಭಾನುವಾರ ಸೋನೆ ಹಿಡಿದಿತ್ತು. ಭವ್ಯ ಬೇಲಿಯ ಹತ್ತಿರ ಗೋಣಿ ಕೊಪ್ಪೆ ಹಾಕಿಕೊಂಡು ಕಾಯುತ್ತಿದ್ದಳು. ಹೊತ್ತು ಮೀರಿದರೂ ಹುಡುಗ ಬರಲಿಲ್ಲ. ಬಂದದ್ದು ಕುರಿ ಕಾಯುವ ಸಿದ್ದಪ್ಪ. ಹೆಗಲ ಮೇಲೆ ಆ ಸೈಕಲ್ಲು.

"ಇಳಿಜಾರಲ್ಲಿ ಬತ್ತಾ ಇದ್ರು ಕಣವ್ವ. ನಮ್ಮ ಮರಿಯೊಂದು ಅಡ್ಡಕ್ಕೆ ನುಗ್ಗುಬುಡ್ತು. ಅದ ತಪ್ಸಕ್ಕೆ ಹೋಗಿ ಜಲ್ಲಿ ಮೇಲೆ ಜಾರ್ಬುಟ್ರು. ಮರಿ ಉಳಕತು. ನಿಮ್ಮ ಅಳಿಯಂದೇ ಭುಜ ಹೋತು."

ಯಜಮಾನರೂ ಭವ್ಯನೂ ಓಡಿದರು. ಆಟೋದಲ್ಲಿ ರಾಮನಗರದ ಆಸ್ಪತ್ರೆಗೆ ಕರೆದೊಯ್ದರು. ನಾನು ದೇವರ ಮುಂದೆ ಕೂತೆ. ಆವತ್ತು ನನ್ನ ಜಪದಲ್ಲಿ ಹುಣಸೆಹಣ್ಣು ಬರಲಿಲ್ಲ.

ಸಂಜೆಯ ಹೊತ್ತಿಗೆ ಭವ್ಯನ ಫೋನು ಬಂತು. ಕತ್ತಿಗೂ ಭುಜಕ್ಕೂ ನಡುವಿನ ಮೂಳೆ ಮುರಿದಿದೆ, ತಲೆಗೆ ಏನೂ ಆಗಿಲ್ಲ, ಆ ಕುಕ್ಕೆ ಕಾಪಾಡಿದೆ. ಪಟ್ಟಿ ಕಟ್ಟಿದ್ದಾರೆ, ಕೈ ಅಲುಗಿಸುವ ಹಾಗಿಲ್ಲ, ಒಬ್ಬರು ಜೊತೆಗಿದ್ದು ನೋಡಿಕೊಳ್ಳಲೇಬೇಕು. ಕೆಂಗೇರಿಯ ಮನೆಯಲ್ಲಿ ಯಾರೂ ಇಲ್ಲ. ಬೀಗಿತ್ತಿ ಕಣ್ಣಿನ ಪೊರೆ ತೆಗೆಸಿಕೊಂಡು ಮೈಸೂರಿನಲ್ಲಿ ತಮ್ಮ ಮಗಳ ಮನೆಯಲ್ಲಿದ್ದರು. ಭವ್ಯನನ್ನೇ ಅಲ್ಲಿಗೆ ಕಳಿಸೋಣವೆಂದರೆ ಆಷಾಢದಲ್ಲಿ ಹೊಸ ಹೆಣ್ಣು ಗಂಡನ ಮನೆಗೆ ಕಾಲಿಡುವ ಹಾಗಿಲ್ಲ. ಬೀಗಿತ್ತಿಗೆ ಫೋನು ಮಾಡಿದೆ. ಅವರು ಅತ್ತರು, ಮಗನನ್ನು ಬೈದರು, ಸೈಕಲ್ಲನ್ನು ಬೈದರು, ಕಡೆಗೆ, "ಒಳಕ್ಕೆ ಕರ್ಕೋಬೇಡಿ ಬೀಗ್ತಿ. ಹೊರಗೂ ಬಿಡಬೇಡಿ" ಎಂದರು.

ಆಟೋ ಬಂದು ಬಾಗಿಲಲ್ಲಿ ನಿಂತಿತು. ಯಜಮಾನರು ಹುಡುಗನನ್ನು ಹಿಡಿದು ಜಗುಲಿ ಹತ್ತಿಸಿದರು. ಮುಖ ಬಿಳಿಚಿಕೊಂಡಿತ್ತು, ಚಡ್ಡಿಯೆಲ್ಲ ಕೆಸರು. ಹೊಸಿಲ ಮುಂದೆ ಬಂದು ಎಲ್ಲರೂ ನಿಂತುಬಿಟ್ಟರು. ನಾನು ಒಳಗೆ, ಅವರು ಹೊರಗೆ, ನಡುವೆ ನಾನು ಬೆಳಿಗ್ಗೆ ತಾನೆ ಅರಿಶಿನ ಕುಂಕುಮ ಇಟ್ಟ ಹೊಸಿಲು. ಮೂರು ನಿಯಮದಲ್ಲಿ ಮುಖ ನೋಡುವ ನಿಯಮ ಆಗಲೇ ಮುರಿದಿತ್ತು. ಆ ಮುಖ ನೋಡದೆ ಇರಲು ಆಗಲಿಲ್ಲ.

"ಜಗುಲಿ ಮೇಲೆ ಹಾಸಿಗೆ ಹಾಕಿಬಿಡಿ ಅತ್ತೆ, ಸಾಕು" ಎಂದ ಹುಡುಗ. ಸೋನೆಯ ಇರಚಲು ಜಗುಲಿಯ ಅರ್ಧಕ್ಕೆ ಬಡಿಯುತ್ತಿತ್ತು.

"ಅಮ್ಮ, ಏನು ನೋಡ್ತಾ ನಿಂತಿದ್ದೀಯ?" ಭವ್ಯ ಕೂಗಿದಳು.

"ನಾನು ಈಚೆಗೆ ಬಂದುಬುಡ್ತೀನಿ, ನೀವು ಒಳಕ್ಕೆ ಹೋಗಿ" ಎಂದೆ. ನಾನು ಇಲ್ಲದ ಮನೆಗೆ ಅವನು ಬಂದರೆ ಇಬ್ಬರೂ ಒಟ್ಟಿಗೆ ಇದ್ದ ಹಾಗಾಗುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ನನ್ನ ಬುದ್ಧಿಗೆ ಎಟುಕಿದ ಲೆಕ್ಕ. ಒಂದು ಕಾಲು ಎತ್ತಿದ್ದೆ ಅಷ್ಟೆ, ಮಂಚದಿಂದ ಅಜ್ಜಿ ಕೂಗಿದರು: "ಲೇ, ಅದೇ ಹೊಸ್ಲು ದಾಟ್ತೀಯಲ್ಲೇ! ಹಿತ್ತಲ ಬಾಗ್ಲಲ್ಲಿ ಹೋಗೇ!"

ಎತ್ತಿದ ಕಾಲು ಹಿಂದಕ್ಕಿಟ್ಟು, ಅಡುಗೆ ಮನೆ ಹಾದು, ಹಿತ್ತಿಲ ಬಾಗಿಲಿನಿಂದ ಹೊರಬಿದ್ದು, ತಿಪ್ಪೆ ಬಳಸಿಕೊಂಡು ಮುಂದಕ್ಕೆ ಬರುವಷ್ಟರಲ್ಲಿ ಹುಡುಗನನ್ನು ಒಳಗೆ ಮಲಗಿಸಿಯಾಗಿತ್ತು. ನಾನು ನನ್ನ ಮನೆಯ ಅಂಗಳದಲ್ಲಿ ನೆಂಟರ ಹಾಗೆ ನಿಂತಿದ್ದೆ.

"ಗಂಡ ಹೆಂಡ್ತಿ ಒಂದೇ ಮನೇಲಿ ಇರಬಹುದಾ ಆಷಾಢದಲ್ಲಿ?" ಎಂದು ಕಿಟಕಿಯಿಂದ ಅಜ್ಜಿಯನ್ನು ಕೇಳಿದೆ, ಅದೂ ಒಂದು ಉಳಿದಿತ್ತಲ್ಲ.

"ಮಗಳು ನನ್ನ ಮಗ್ಗುಲಲ್ಲಿ ಮಲೀಕತಾಳೆ. ಮುರ್ದಿರೋ ಭುಜ ಮಡೀಕಂಡು ಅವ್ನು ಇನ್ನೇನ್ ಮಾಡಾನು ಬುಡೇ!" ಎಂದರು ಅಜ್ಜಿ, ಊರಿಗೆಲ್ಲ ಕೇಳುವ ಹಾಗೆ. ಒಳಗಿನಿಂದ ಭವ್ಯ, "ಅಜ್ಜೀ!" ಎಂದು ಕಿರುಚಿದಳು.

ಹೀಗೆ ನನ್ನ ವಾಸ ಹುಳು ಮನೆಗೆ ಬದಲಾಯಿತು. ರೇಷ್ಮೆ ಹುಳು ಸಾಕುವ ಶೆಡ್ಡು, ಮನೆಯ ಪಕ್ಕದಲ್ಲೇ ಇದೆ. ಹುಳುಗಳು ದೊಡ್ಡವಾಗಿದ್ದವು, ಹೇಗೂ ಹಗಲೆಲ್ಲ ಸೊಪ್ಪು ಹಾಕುತ್ತಲೇ ಇರಬೇಕು. ಅವು ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಸೋನೆ ಬಿದ್ದ ಹಾಗೆ. ಹೊರಗೆ ಮಳೆ ನಿಂತಿದೆಯೋ ಇಲ್ಲವೋ ತಿಳಿಯದೆ ನಾನು ಮತ್ತೆ ಮತ್ತೆ ಬಾಗಿಲಿಗೆ ಬಂದು ಕೈ ಚಾಚಿ ನೋಡುತ್ತಿದ್ದೆ. ಅಡುಗೆ ಹಿತ್ತಿಲಿನ ನೀರೊಲೆಯ ಮೇಲೆ. ಮುದ್ದೆ, ಸಾರು ಅಡುಗೆ ಮನೆಯ ಕಿಟಕಿಯಿಂದ ಒಳಗೆ. ತೊಳೆಯುವ ಪಾತ್ರೆ ಅದೇ ಕಿಟಕಿಯಿಂದ ಹೊರಗೆ. ಮದುವೆಯಾಗಿ ಬಂದಾಗಿನಿಂದ ಒಳಗೇ ನಿಂತು ನೋಡಿದ ಕಿಟಕಿ. ಅದು ಹೊರಗಿನಿಂದ ಇಷ್ಟು ಎತ್ತರದಲ್ಲಿದೆ ಎಂದು ಗೊತ್ತೇ ಇರಲಿಲ್ಲ.

ಕಷ್ಟ ಎನ್ನಲಾರೆ. ತಲೆ ಉಳಿಯಿತು, ಕುರಿಮರಿ ಉಳಿಯಿತು, ಮುರಿದದ್ದು ಎಡಗೈ ಕಡೆಯದು, ಊಟ ಮಾಡಲು ಬಲಗೈ ಇತ್ತು. ಹುಳುಗಳಿಗೆ ರೋಗ ಬರಲಿಲ್ಲ. ಸೂರು ಸೋರಲಿಲ್ಲ. ದೇವರು ದೊಡ್ಡದನ್ನು ಕೊಡುವಾಗ ಎಲ್ಲರಿಗೂ ಕಾಣುತ್ತದೆ. ಇಂಥ ಚಿಕ್ಕದನ್ನು ಕೊಡುವಾಗ ನಾವೇ ಹೆಕ್ಕಿಕೊಳ್ಳಬೇಕು, ಮೊರದ ಮೂಲೆಯ ಕಾಳಿನ ಹಾಗೆ.

ಸೈಕಲ್ಲು ಕೊಟ್ಟಿಗೆಯಲ್ಲಿತ್ತು. ಅದಕ್ಕೆ ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಬೆಲ್ಲಿಲ್ಲ, ಮಡ್‌ಗಾರ್ಡಿಲ್ಲ. ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಸುತ್ತಿಕೊಂಡಿದೆ. ಟೈರು ಮಾತ್ರ ದಪ್ಪ, ಮೈತುಂಬ ಹಲಸಿನ ಮುಳ್ಳಿನಂಥ ಗುಬುಟು. ಒಂದು ಬೆಳಿಗ್ಗೆ ಯಜಮಾನರು ಪಂಚೆ ಎತ್ತಿ ಕಟ್ಟಿ, ಯಾರೂ ನೋಡುತ್ತಿಲ್ಲವೆಂದುಕೊಂಡು ಅದನ್ನು ಹತ್ತಿದರು. ಕಣದಲ್ಲಿ ಒಂದು ಸುತ್ತು ಹಾಕಿದರು. ಎರಡನೆಯ ಸುತ್ತಿಗೆ ಬೆನ್ನು ಬಗ್ಗಿಸಿ ಆ ಕೊಂಬನ್ನು ಹಿಡಿದರು. ಕೆಳಗೆ ಇಳಿಯುವುದು ಹೇಗೆಂದು ತಿಳಿಯದೆ ಹುಲ್ಲಿನ ಮೆದೆಗೆ ಹೋಗಿ ಒರಗಿ ನಿಂತರು. ನಾನು ಹುಳು ಮನೆಯ ಬಾಗಿಲಲ್ಲಿದ್ದೆ.

"ಏನು, ಯಾರಿಗೆ ಹಣ್ಣು ಕೊಡೋಕೆ ಹೊಂಟ್ರಿ?" ಎಂದೆ.

"ಬ್ರೇಕು ನೋಡ್ತಿದ್ದೆ ಕಣೆ, ಸುಮ್ಕಿರು" ಎಂದರು.

ಮಧ್ಯಾಹ್ನದ ಹೊತ್ತು ಹುಡುಗ ಕಿಟಕಿಯ ಒಳಗಿನಿಂದ ಫೋನಿನಲ್ಲಿ ತೆಗೆದ ಚಿತ್ರಗಳನ್ನು ತೋರಿಸುತ್ತಿದ್ದ. ಒಂದು ಕಾಡುದಾರಿ, ಎರಡೂ ಕಡೆ ಲಂಟಾನ ಪೊದೆ, ನಡುವೆ ಮಂಜು. "ಎಷ್ಟು ಚೆನ್ನಾಗದೆ, ಯಾವೂರು ಇದು?" ಎಂದೆ. "ನಿಮ್ಮದೇ ಊರು ಅತ್ತೆ. ನಿಮ್ಮ ದನದ ದಾರಿ" ಎಂದ. ಎಷ್ಟೋ ವರ್ಷ ಸೌದೆ ಹೊತ್ತು ನಡೆದ ದಾರಿ. ಹೊತ್ತವರು ತಲೆ ಎತ್ತುವ ಹಾಗಿಲ್ಲವಲ್ಲ, ಗುರುತು ಸಿಗಲಿಲ್ಲ.

ಒಮ್ಮೆ ಮೆಲ್ಲಗೆ, "ಅತ್ತೆ, ನನ್ನಿಂದ ನೀವು ಮನೆ ಬಿಟ್ಟು ಇರೋ ಹಾಗಾಯ್ತು. ಮೈಸೂರಿಗೆ ಹೋಗಿಬಿಡ್ತೀನಿ" ಎಂದ. "ಅಲುಗಾಡಬೇಡಿ ಅಂದವ್ರೆ, ಸುಮ್ಕೆ ಇರಿ" ಎಂದು ಗದರಿದೆ. ಆದರೆ ಒಳಗೊಳಗೆ ಪುಕಪುಕ. ಮೂರು ನಿಯಮದಲ್ಲಿ ಮುಖದ್ದು ಮುರಿದಿತ್ತು. ಹುಳು ಮನೆಯ ಸೂರು ಬೇರೆಯಾದ್ದರಿಂದ ಸೂರಿನದು ಉಳಿದಿತ್ತು. ಹೊಸಿಲಿನದಂತೂ ನಾನು ಕೊಟ್ಟ ಮಾತು. ಅಮಾವಾಸ್ಯೆ ಕಳೆದು ಶ್ರಾವಣ ಹುಟ್ಟುವವರೆಗೆ ಅದೊಂದನ್ನು ಉಳಿಸಿಕೊಡಪ್ಪ, ಕೇಡು ಇದ್ದರೆ ನನಗೇ ಇರಲಿ, ಮಗಳಿಗೆ ಬೇಡ ಎಂದು ದಿನವೂ ಹುಳು ಮನೆಯ ಮೂಲೆಯಲ್ಲಿ ಕೈಮುಗಿಯುತ್ತಿದ್ದೆ.

ಅಮಾವಾಸ್ಯೆ ಹತ್ತಿರ ಬಂತು. ಅವತ್ತು ಯಜಮಾನರೂ ಭವ್ಯನೂ ಸೊಪ್ಪು ಕುಯ್ಯಲು ಹೋಗಿದ್ದರು. ನಾನು ಮುಂದಿನ ಅಂಗಳ ಗುಡಿಸುತ್ತಿದ್ದೆ. ಒಳಗಿನಿಂದ ಹಾಲಿನ ವಾಸನೆ ಬಂತು. ಕಾಯುತ್ತಿರುವ ಹಾಲಿನದಲ್ಲ, ಮೇಲಕ್ಕೆ ಏಳುತ್ತಿರುವ ಹಾಲಿನದು. ಮನೆ ನಡೆಸಿದವರ ಮೂಗಿಗೆ ಅದರ ವ್ಯತ್ಯಾಸ ಗೊತ್ತು. ಆಮೇಲೆ ಸೊರ್ ಎಂಬ ಸದ್ದು.

ಪೊರಕೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಜಗುಲಿ ಹತ್ತಿದ್ದು ಗೊತ್ತಿಲ್ಲ. ನನ್ನ ಕಾಲಿಗೆ ಪಂಚಾಂಗ ನೋಡಲು ಬರುವುದಿಲ್ಲ. ಒಲೆ ಆರಿಸಿ, ಸೆರಗಿನಲ್ಲಿ ಪಾತ್ರೆ ಹಿಡಿದು ಕೆಳಗಿಳಿಸಿ ತಲೆ ಎತ್ತಿದರೆ, ಒಲೆಕಟ್ಟೆಯ ಆ ಪಕ್ಕದಲ್ಲಿ, ಪಟ್ಟಿ ಕಟ್ಟಿದ ಭುಜದ ಅಳಿಯ, ಬಲಗೈಯಲ್ಲಿ ಸೌಟು ಹಿಡಿದು ನಿಂತಿದ್ದಾನೆ. ಅಜ್ಜಿಗೆ ಕಾಫಿ ಮಾಡಿಕೊಡುತ್ತೇನೆಂದು ಹೊರಟು, ಅಡುಗೆ ಮನೆಯ ಕಿಟಕಿಯಲ್ಲಿ ಗುಬ್ಬಿ ನೋಡುತ್ತ ನಿಂತಿದ್ದನಂತೆ.

ಇಬ್ಬರೂ ಅಲುಗಲಿಲ್ಲ. ನಾನು ಬಂದ ದಾರಿಯನ್ನು ನೋಡಿದೆ. ನಡುಮನೆ, ಅದರಾಚೆ ಹೊಸಿಲು. ಅವನು ದಾಟಿದ ಹೊಸಿಲು. ಈಗ ನಾನೂ ದಾಟಿದ ಹೊಸಿಲು.

ಹುಡುಗ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ. "ಅತ್ತೆ, ನೀವು ಬಂದಿಲ್ಲ. ನಾನು ನೋಡಿಲ್ಲ. ಹಿತ್ತಿಲ ಬಾಗಿಲು ತೆಗೆದಿದೆ, ಹೋಗಿಬಿಡಿ."

ನನಗೆ ಅಳು ಬಂತು. "ಅಜ್ಜಿ, ದಾಟ್‌ಬುಟ್ಟೆ ಕಣಜ್ಜಿ. ಏನ್ ಮಾಡ್ಲಿ ಈಗ?" ಎಂದೆ.

ಅಜ್ಜಿ ಮಂಚದ ಮೇಲಿನಿಂದಲೇ ಕೇಳಿದರು:

"ದೋಷ ಯಾರಿಗಂತೆ?"

"ಅತ್ತೆಗಂತೆ."

"ನಾನು ಯಾರು? ನಾನೂ ಅತ್ತೆ ಕಣೇ, ನಿಂಗೆ. ಇಬ್ರು ಇದೀವಿ, ಅರ್ಧರ್ಧ ಹಂಚ್ಕಳವ ಬುಡು. ನಂದೇನು, ಉಂಡದ್ದಾಯ್ತು, ನನ್ನ ಪಾಲು ಒಸಿ ಜಾಸ್ತಿನೇ ಹಾಕು. ಹಾಲು ಒಸಿ ಉಳಿದದಾ? ಈ ಹುಡುಗ ಬೆಳಗಿಂದ ಕಾಪಿ ಕಾಪಿ ಅಂತ ಆಸೆ ಹುಟ್ಸಿ ಕೂರ್ಸವ್ನೆ."

ಹುಡುಗ ಒಂದೇ ಕಣ್ಣು ತೆಗೆದು ನನ್ನನ್ನು ನೋಡಿದ.

ಅಜ್ಜಿ ಹೇಳಿದ್ದು ಶಾಸ್ತ್ರವೋ, ಕಾಫಿಯ ಆಸೆಯೋ, ನನ್ನ ಮೇಲಿನ ಪ್ರೀತಿಯೋ? ಇಂದಿಗೂ ನನಗೆ ಸ್ಪಷ್ಟವಿಲ್ಲ. ದೋಷವನ್ನು ಹಲಸಿನ ತೊಳೆಯ ಹಾಗೆ ಹಂಚಿಕೊಳ್ಳಲು ಬರುತ್ತದೆಯೇ? ಬರುವುದಾದರೆ ಅಜ್ಜಿಯ ಪಾಲನ್ನು ನಾನು ತೆಗೆದುಕೊಳ್ಳುವುದು ಹೇಗೆ? ಹಿತ್ತಿಲ ಬಾಗಿಲು ತೆರೆದೇ ಇತ್ತು. ಬೀಗಿತ್ತಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಬೇಕಿತ್ತು. ಆದರೆ ಹಾಲು ಒಲೆಯ ಮೇಲೆಲ್ಲ ಹರಿದು ಕಟ್ಟೆಯ ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ಬಿಸಿ ಇರುವಾಗಲೇ ಒರೆಸದಿದ್ದರೆ ಹತ್ತಿಕೊಂಡುಬಿಡುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ.

"ಒಸಿ ಆ ಕಡೀಕೆ ಸರ್ಕಳಿ" ಎಂದೆ ಅಳಿಯನಿಗೆ, ಮುಖ ನೋಡಿಕೊಂಡೇ. ಬಟ್ಟೆಯನ್ನು ನೀರಿಗೆ ಅದ್ದಿ ಹಿಂಡಿ, ಒಲೆ ಒರೆಸಲು ಶುರುಮಾಡಿದೆ.